ಅವನಲ್ಲ ಮಾವ, ನಾನು ಅನ್ನಿ

ಅಕ್ಕನ ಮಗ ಹೇಳಿದ ಒಂದು ಮಾತು ಮೂರು ತಿಂಗಳಾದರೂ ಕಿವಿಯಿಂದ ಇಳಿದಿಲ್ಲ. ದೊಡ್ಡ ಮಾತೇನಲ್ಲ. ಥಾಣೆಯ ಅವರ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ, ಅಕ್ಕ ಮಾಡಿದ ಬಂಗುಡೆ ಸಾರಿನಲ್ಲಿ ಉಂಡು, ಫ್ಯಾನಿನ ಕೆಳಗೆ ಚಾಪೆ ಹಾಸಿಕೊಳ್ಳುವ ಯೋಚನೆಯಲ್ಲಿದ್ದೆ. ಹಾಲ್‌ನಲ್ಲಿ ಇವನೂ ಇವನ ಗೆಳೆಯರೂ ಊಟದ ಮೇಜಿನ ಮೇಲೆ ಕಾಗದ, ಪೆನ್ಸಿಲ್, ಬಣ್ಣಬಣ್ಣದ ದಾಳ ಹರಡಿಕೊಂಡು ಕೂತಿದ್ದರು. ಒಬ್ಬ ಬಂದಿರಲಿಲ್ಲ. ಭಾನುವಾರ ಅಂದಮೇಲೆ ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವ ಮೆಗಾ ಬ್ಲಾಕ್ ಇದ್ದೇ ಇರುತ್ತದಲ್ಲ, ಆ ಹುಡುಗ ಕಲ್ಯಾಣ್‌ನಲ್ಲೇ ಸಿಕ್ಕಿಕೊಂಡಿದ್ದ. (ನಾನು ಡೊಂಬಿವ್ಲಿಯವನು, ಅನುಭವಸ್ಥ, ಶನಿವಾರ ರಾತ್ರಿಯೇ ಬಂದುಬಿಟ್ಟಿದ್ದೆ.) "ಮಾವ, ಒಬ್ಬ ಕಮ್ಮಿ ಬಿದ್ದ. ಸುಮ್ನೆ ಅವನ ಜಾಗದಲ್ಲಿ ಕೂತ್ಕೊಳ್ಳಿ" ಅಂದ ಅಳಿಯ.

ಕೂತೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಆಟ. ಒಬ್ಬ ಕಥೆ ಹೇಳುತ್ತಾ ಹೋಗುವುದು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುವುದು, ಆಮೇಲೆ ಏನಾಯಿತು ಅನ್ನುವುದನ್ನು ದಾಳ ಹೇಳುವುದು. ಹೆಸರು ಕೇಳಿದ್ದೆ, ಆಡಿದವರನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ನನ್ನ ಕೈಗೆ ಬಂದ ಕಾಗದದಲ್ಲಿ ಒಬ್ಬ ಕುಳ್ಳ ಇದ್ದ. ಗಡ್ಡ, ಕೊಡಲಿ, ಪಕ್ಕದಲ್ಲಿ ಏನೇನೋ ಅಂಕಿ. ಅಳಿಯ ಕಥೆ ಶುರು ಮಾಡಿದ. ಹಿಮ ಬೀಳುತ್ತಿದೆಯಂತೆ. ಒಂದು ಹೆಂಡದಂಗಡಿಯಂತೆ. ಅದರ ಕೆಳಗೆ ನೆಲಮಾಳಿಗೆ, ನೆಲಮಾಳಿಗೆಯ ಕೊನೆಗೆ ಕಬ್ಬಿಣದ ಬಾಗಿಲು. ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದ. "ಮಾವ, ಈಗ ಎಂತ ಮಾಡ್ತೀರಿ?"

"ಅವನು ಬಾಗಿಲು ತೆಗೀತಾನೆ" ಅಂದೆ.

"ಅವನಲ್ಲ ಮಾವ. ನಾನು ಅನ್ನಿ."

"ನಾನು..." ಅಂದೆ. ಅಷ್ಟೇ. ಮುಂದೆ ಮಾತೇ ಬರಲಿಲ್ಲ. ನಾಲ್ಕು ಹುಡುಗರು ಕಾಯುತ್ತಿದ್ದಾರೆ, ಫ್ಯಾನ್ ತಿರುಗುತ್ತಿದೆ, ಒಳಗೆ ಅಕ್ಕ ಪಾತ್ರೆ ತೊಳೆಯುವ ಸದ್ದು. ಬಾಗಿಲು ತೆಗೆಯುವುದೋ ಬಿಡುವುದೋ ಅಂತಲ್ಲ ನನ್ನ ಕಷ್ಟ. 'ನಾನು' ಅಂದ ಕೂಡಲೇ ಆ ಕುಳ್ಳ ಯಾರು, ಎಲ್ಲಿಯವನು, ಯಾಕೆ ಬಂದ ಅನ್ನುವುದಕ್ಕೆಲ್ಲ ನಾನೇ ಉತ್ತರ ಕೊಡಬೇಕು ಅನ್ನಿಸಿ ಗಂಟಲು ಕಟ್ಟಿತು. ಅಳಿಯ ಒಳ್ಳೆಯವನು. ಇಪ್ಪತ್ತು ಮುಖದ ದಾಳ ನನ್ನ ಕಡೆ ತಳ್ಳಿ "ರೋಲ್ ಮಾಡಿ ಮಾವ" ಅಂದ. ಎಸೆದೆ, ಒಂಬತ್ತೋ ಹತ್ತೋ ಬಿತ್ತು, ಬಾಗಿಲು ತೆರೆಯಿತು, ಆಟ ಮುಂದೆ ಹೋಯಿತು. ಉಳಿದ ಎರಡು ಗಂಟೆ ನಾನು ಮಾತಾಡಿದ್ದು ಬರೀ ಹೂಂ, ಉಹೂಂ.

ರಾತ್ರಿ ಲೋಕಲ್‌ನಲ್ಲಿ ವಾಪಸ್ ಬರುವಾಗ ನಾಚಿಕೆಯಾಯಿತು. ಯಾಕೆಂದರೆ ನಾನು ಅರ್ಥಧಾರಿಯ ಮಗ, ತಾಳಮದ್ದಳೆಯಲ್ಲಿ ಪಾತ್ರವಾಗಿ ಕೂತು ಮಾತಾಡುವವರ ಮಗ.

ಅಪ್ಪನ ಕರ್ಣ

ಅಪ್ಪ ಹದಿಮೂರನೇ ವಯಸ್ಸಿಗೆ ಮನೆಯಲ್ಲಿ ಯಾರಿಗೂ ಹೇಳದೆ ಕುಂದಾಪುರದಿಂದ ಮುಂಬೈ ಬಸ್ ಹತ್ತಿದವರು. ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಇನ್ನೊಂದು ಹೋಟೆಲಿನ ಗಲ್ಲೆಯ ಮೇಲೆ ಕೂತವರು. ಇಂಥ ಕಥೆ ಮುಂಬೈ ಕನ್ನಡಿಗರಿಗೆ ಹೊಸದಲ್ಲ, ಮನೆಗೊಂದು ಇರುತ್ತದೆ, ಅದಕ್ಕೇ ಬೆಳೆಸುವುದಿಲ್ಲ. ಅವರಿಗೆ ಇದ್ದ ಹುಚ್ಚು ಒಂದೇ, ಯಕ್ಷಗಾನವನ್ನು ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ತಿಂಗಳಿಗೊಮ್ಮೆ ಮಾಟುಂಗಾದಲ್ಲೋ ಕುರ್ಲಾದಲ್ಲೋ ಯಾವುದಾದರೂ ಸಂಘದ ಹಾಲ್‌ನಲ್ಲಿ ರಾತ್ರಿಯಿಡೀ ಅರ್ಥ ಹೇಳಿ ಬಂದರೆ ಉಳಿದ ಇಪ್ಪತ್ತೊಂಬತ್ತು ದಿನ ಗಲ್ಲೆಯ ಮೇಲೆ ನಗುತ್ತಾ ಕೂರುತ್ತಿದ್ದರು. ಬೆಳಗಿನ ಲೋಕಲ್‌ನಲ್ಲಿ ಕಿಟಕಿ ಕಡೆ ಮುಖ ಮಾಡಿ ಪೀಠಿಕೆ ಗೊಣಗುತ್ತಿದ್ದರು. ಎದುರಿಗೆ ಕೂತ ಮರಾಠಿ ಅಜ್ಜ ಒಮ್ಮೆ "ಜಪ ಕಾ?" ಅಂತ ಕೇಳಿದರಂತೆ. "ನಹೀ, ಕರ್ಣ" ಅಂದರಂತೆ ಅಪ್ಪ.

ತಾಳಮದ್ದಳೆ ಗೊತ್ತಿದ್ದವರಿಗೆ ಆ ಥಾಣೆಯ ಊಟದ ಮೇಜು ತಕ್ಷಣ ಗುರುತು ಸಿಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ರಂಗಸ್ಥಳ ಇಲ್ಲ. ಪಂಚೆ ಶಾಲು ಹೊದ್ದ ನಾಲ್ಕೈದು ಜನ ಎದುರುಬದುರು ಕೂತಿರುತ್ತಾರೆ. ಒಬ್ಬ ಕೃಷ್ಣ, ಒಬ್ಬ ಕೌರವ. ಭಾಗವತರು ಪದ್ಯ ಹೇಳುತ್ತಾರೆ, ಆಮೇಲಿನ ಮಾತೆಲ್ಲ ಆ ಕ್ಷಣಕ್ಕೆ ಹುಟ್ಟಿದ್ದು. ಬಾಯಿಪಾಠದ ಸಂಭಾಷಣೆ ಅಂತ ಒಂದು ಸಾಲೂ ಇಲ್ಲ. ಅಳಿಯ 'ಬ್ಯಾಕ್‌ಸ್ಟೋರಿ' ಅನ್ನುವುದನ್ನು ಅಪ್ಪ ಪೀಠಿಕೆ ಅನ್ನುತ್ತಿದ್ದರು. ಅಳಿಯ ಕೂತ ಜಾಗದಲ್ಲಿ ಅಲ್ಲಿ ಭಾಗವತರು. ಯಾವ ಪದ್ಯ ಎಷ್ಟು ಹೊತ್ತಿಗೆ ಎತ್ತಬೇಕು, ಯಾರ ಮಾತು ಉದ್ದವಾಯಿತು, ಯಾರಿಗೆ ಇನ್ನೂ ಸ್ವಲ್ಪ ಬಿಡಬೇಕು, ಎಲ್ಲ ಅವರ ಕೈಯಲ್ಲಿ.

ಒಂದು ರಾತ್ರಿ ಚೆನ್ನಾಗಿ ನೆನಪಿದೆ. ನನಗೆ ಆಗ ಹನ್ನೆರಡು ವರ್ಷ. ಮಾಟುಂಗಾದ ಒಂದು ಹಾಲ್, ಕೆಳಗೆ ಜಮಖಾನ, ಇಬ್ಬರಿಗೆ ಒಂದೇ ಮೈಕು, ಅದನ್ನು ಆಚೆ ಈಚೆ ತಿರುಗಿಸುವುದಕ್ಕೆ ಒಬ್ಬ ಹುಡುಗ. ಪ್ರಸಂಗ ಕರ್ಣಪರ್ವ. ಅಪ್ಪನದು ಕರ್ಣ. ಶಲ್ಯನಾಗಿ ಕೂತವರು ಬ್ಯಾಂಕಿನಲ್ಲಿ ಆಫೀಸರ್, ಕಾನೂನು ಓದಿದವರು, ಮಾತಿನಲ್ಲಿ ಕತ್ತರಿ. ಸರ್ಪಾಸ್ತ್ರ ಹೂಡುವ ಘಟ್ಟ ಬಂತು. ಶಲ್ಯ ಹೇಳುತ್ತಾನೆ, ಗುರಿ ಕೊರಳಿಗಿಟ್ಟರೆ ತಪ್ಪುತ್ತದೆ, ಎದೆಗೆ ಇಳಿಸು ಅಂತ. ಕರ್ಣ ಒಪ್ಪುವುದಿಲ್ಲ, ಇಟ್ಟ ಗುರಿ ಇಟ್ಟದ್ದೇ. ಅಪ್ಪ ಇದನ್ನು ಬಹಳ ಚೆನ್ನಾಗಿ ಹೇಳುತ್ತಿದ್ದರು, ಆವತ್ತೂ ಹೇಳಿದರು, ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಲ್ಲುವವರೆಗೆ ಕಾದು ಶಲ್ಯ ಮೆಲ್ಲಗೆ ಕೇಳಿದರು: "ಸಾರಥಿಯ ಮಾತು ಕೇಳುವುದಿಲ್ಲ ಅನ್ನುತ್ತೀಯಲ್ಲ ಕರ್ಣ, ನಿನ್ನನ್ನು ಸಾಕಿದವನೂ ಸಾರಥಿಯೇ. ಅವನ ಮಾತನ್ನಾದರೂ ಒಂದು ದಿನ ಕೇಳಿದ್ದೀಯಾ?"

ಅಪ್ಪ ಬಾಯಿ ತೆರೆದರು. ಮಾತು ಬರಲಿಲ್ಲ. ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿದರು. ಮೈಕಿನ ಹುಡುಗ ಅಪ್ಪನ ಕಡೆಯೇ ತಿರುಗಿಸಿ ಹಿಡಿದುಕೊಂಡಿದ್ದ, ಅದರಲ್ಲಿ ಉಸಿರು ಮಾತ್ರ ಕೇಳುತ್ತಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ, ಹತ್ತು ಸೆಕೆಂಡ್ ಇರಬಹುದು, ನನಗೆ ಮಾತ್ರ ಬೆವರು ಬಂತು. ಆಮೇಲೆ ಭಾಗವತರು ತಾಳ ಎತ್ತಿ ಮುಂದಿನ ಪದ್ಯ ಹಿಡಿದರು, ಮದ್ದಳೆ ಜೊತೆಗೆ ಬಂತು, ರಥದ ಗಾಲಿ ಹೂತುಹೋಯಿತು. ಬೆಳಗಿನ ಮೊದಲ ಲೋಕಲ್‌ಗೆ ಕಾಯುತ್ತಾ ಪ್ಲಾಟ್‌ಫಾರ್ಮ್‌ನಲ್ಲಿ ನನಗೂ ಒಂದು ಕಟಿಂಗ್ ಚಾ ಕೊಡಿಸಿದರು ಅಪ್ಪ, ಮೊದಲ ಸಲ. "ಇವತ್ತು ಭಾಗವತರು ಕಾಪಾಡಿದರು ಮಾರಾಯ" ಅಂದರು. ಬೇರೇನೂ ಹೇಳಲಿಲ್ಲ. ಅಜ್ಜ ತೀರಿಕೊಂಡು ಆಗ ಆರು ವರ್ಷವಾಗಿತ್ತು.

ಅನ್ನದ ಅಗುಳು ಹಚ್ಚಿ ಅಂಟಿಸಿದ ಮಾತು

ಹಾಗಾದರೆ ನಾನು 'ನಾನು' ಅನ್ನುವುದನ್ನು ಎಲ್ಲಿ ಕಲಿತೆ, ಅಥವಾ ಎಲ್ಲಿ ಮರೆತೆ? ಯೋಚಿಸುತ್ತಾ ಹೋದರೆ ಕಿಂಗ್ಸ್ ಸರ್ಕಲ್‌ನ ಫುಟ್‌ಪಾತ್ ನೆನಪಾಗುತ್ತದೆ. ಅಲ್ಲಿ ಹಳೇ ಪುಸ್ತಕ ಹರಡಿಕೊಂಡು ಮಾರುವವರು. ಇಂಗ್ಲಿಷ್, ಹಿಂದಿ ಕಾಮಿಕ್ಸ್ ಕಿಲೋ ಲೆಕ್ಕದಲ್ಲಿ ಬಿದ್ದಿರುತ್ತಿದ್ದವು, ರಕ್ಷಾಪುಟ ಹರಿದಿದ್ದರೆ ಇನ್ನೂ ಅಗ್ಗ. ಜಾಸ್ತಿ ಸಿಗುತ್ತಿದ್ದದ್ದು ಇಂದ್ರಜಾಲ ಕಾಮಿಕ್ಸ್. 1964ರಲ್ಲಿ ಇದೇ ಮುಂಬೈಯಿಂದ ಶುರುವಾಗಿ 1990ರಲ್ಲಿ ನಿಂತುಹೋಯಿತು. ಫ್ಯಾಂಟಮ್‌ನನ್ನು ಹಿಂದಿಯವರು ವೇತಾಲ್ ಅನ್ನುತ್ತಿದ್ದರು. ಅಮ್ಮನಿಗೆ ಇಂಗ್ಲಿಷೂ ಬಾರದು, ಹಿಂದಿಯೂ ಓದಲು ಬಾರದು, ಆದರೆ ಚಿತ್ರ ನೋಡುವ ಆಸೆ. ಅದಕ್ಕೆ ನಾನೂ ಅಕ್ಕನೂ ಒಂದು ಉಪಾಯ ಮಾಡಿದೆವು. ನೋಟ್‌ಬುಕ್ಕಿನ ಬಿಳಿ ಕಾಗದವನ್ನು ಮಾತಿನ ಗುಳ್ಳೆಯ ಆಕಾರಕ್ಕೆ ಕತ್ತರಿಸಿ, ಅನ್ನದ ಅಗುಳು ಹಚ್ಚಿ ಅಂಟಿಸಿ, ಮೇಲೆ ಕನ್ನಡದಲ್ಲಿ ಬರೆಯುವುದು.

ಮೊದಮೊದಲು ಇದ್ದದ್ದನ್ನೇ ಕನ್ನಡಕ್ಕೆ ತರುತ್ತಿದ್ದೆವು. ಎರಡನೇ ಪುಸ್ತಕಕ್ಕೇ ಬೇಜಾರಾಯಿತು. ಅಕ್ಕನ ಫ್ಯಾಂಟಮ್ ಕಳ್ಳನ ದವಡೆಗೆ ಹೊಡೆಯುವ ಮೊದಲು "ಊಟ ಆಯ್ತಾ?" ಅಂತ ಕೇಳುತ್ತಿದ್ದ. ನನ್ನ ಕಳ್ಳ "ಇಲ್ಲ ಸ್ವಾಮಿ, ಲೋಕಲ್ ಲೇಟು" ಅನ್ನುತ್ತಿದ್ದ. ಯಾರ ಗುಳ್ಳೆ ಯಾರು ಬರೆಯಬೇಕು ಅಂತ ನಮ್ಮಲ್ಲಿ ಕೈಕೈ ಮಿಲಾಯಿಸುವಷ್ಟು ಜಗಳ. ಅನ್ನದ ಆಸೆಗೆ ಜಿರಳೆ ಬಂದು ಗುಳ್ಳೆಗಳನ್ನೆಲ್ಲ ತಿಂದುಹಾಕಿದ್ದು ಬೇರೆ ಕಥೆ. ಈಗ ಅನ್ನಿಸುತ್ತದೆ, ಅಳಿಯನ ಮೇಜಿನ ಮೇಲೆ ನಡೆಯುವುದನ್ನು ನಾವು ಆಗಲೇ ಆಡಿದ್ದೆವು. ಚಿತ್ರ ಯಾರದ್ದೋ, ಮಾತು ನಮ್ಮದು. ಆ ಧೈರ್ಯ ಹೈಸ್ಕೂಲಿಗೆ ಬರುವ ಹೊತ್ತಿಗೆ ಎಲ್ಲಿಗೆ ಹೋಯಿತೋ. ಆಮೇಲೆ ಬರೀ ಓದಿದೆ. ಓದುವವನಿಗೆ ಎಲ್ಲರೂ 'ಅವನು'.

ಕಾಮಿಕ್ಸ್ ಮಾತು ಬಂದಾಗ ನಾನು ಎಲ್ಲರ ಮುಂದೆ ಕೊಚ್ಚಿಕೊಳ್ಳುವ ಒಂದು ವಿಷಯ ಇದೆ, ಇಲ್ಲೂ ಬಿಡುವುದಿಲ್ಲ. ಅಮರ ಚಿತ್ರ ಕಥೆ ಕಟ್ಟಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು, 1929ರಲ್ಲಿ, ಬೆಳೆದದ್ದು ಮುಂಬೈಯಲ್ಲಿ. ಅದಕ್ಕಿಂತ ಮಜವಾದದ್ದು ಇನ್ನೊಂದಿದೆ. ಇಂಗ್ಲಿಷ್ ಅಮರ ಚಿತ್ರ ಕಥೆಯ ಹಳೇ ಪಟ್ಟಿ ಹನ್ನೊಂದನೇ ನಂಬರಿನಿಂದ ಶುರುವಾಗುತ್ತದೆ, 'ಕೃಷ್ಣ'. ಮೊದಲ ಹತ್ತು ಎಲ್ಲಿ ಅಂದರೆ, ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಅವನ್ನು ಕನ್ನಡದಲ್ಲಿ ಹೊರಡಿಸಿದರು, ಚೆನ್ನಾಗಿ ಖರ್ಚಾದವು, ಆಮೇಲೆ ಮುಂಬೈಯ ಹೆಡ್ ಆಫೀಸಿಗೆ ಧೈರ್ಯ ಬಂತು. ಆ ಹತ್ತರಲ್ಲಿ ಇದ್ದದ್ದು ಪರದೇಶದ ಕಥೆಗಳೇ, ಸಿಂಡರೆಲಾ ಥರದವು. ಚಿತ್ರ ಅವರದ್ದು, ಗುಳ್ಳೆಯೊಳಗೆ ಮಾತು ಕನ್ನಡ. ನಮ್ಮ ಅನ್ನದ ಅಗುಳಿನ ಕಾರ್ಖಾನೆಗೆ ಇದಕ್ಕಿಂತ ದೊಡ್ಡ ಹಿರಿಯರು ಬೇಕೇ?

ಇನ್ನು ಬೇಸಿಗೆ ರಜೆಗೆ ಊರಿಗೆ ಹೋದರೆ ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ. ಇಲಿ, ಆದರೆ ಮಹಾ ಬಲಶಾಲಿ. ಅದೇ ಇಲಿ ಕೇರಳದಲ್ಲಿ ಡಿಂಕನ್. ದೊಡ್ಡವರಾದ ಮಲಯಾಳಿ ಹುಡುಗರು ಅವನನ್ನೇ ದೇವರು ಮಾಡಿ, 'ಡಿಂಕೋಯಿಸಂ' ಅಂತ ಅಣಕದ ಧರ್ಮವನ್ನೇ ಕಟ್ಟಿದರು. 2016ರಲ್ಲಿ ಒಂದು ಸಿನಿಮಾಕ್ಕೆ ಡಿಂಕನ್ ಹೆಸರಿಟ್ಟಿದ್ದಕ್ಕೆ "ನಮ್ಮ ಭಾವನೆಗೆ ಧಕ್ಕೆಯಾಯಿತು" ಅಂತ ಕೊಚ್ಚಿಯಲ್ಲಿ ಪ್ರತಿಭಟನೆಯನ್ನೂ ಮಾಡಿದರು. ಈ ಸುದ್ದಿ ಓದಿದ ದಿನ ಆಫೀಸಿನಲ್ಲಿ ಒಬ್ಬನೇ ನಕ್ಕು, ಪಕ್ಕದವರಿಗೆ ಯಾಕೆ ನಗು ಅಂತ ವಿವರಿಸಲಾಗದೆ ಒದ್ದಾಡಿದ್ದೆ.

"ಅದು ಭೂತದ ಆಟವಂತೆ, ಹೌದಾ?"

ಎರಡನೇ ವಾರ ಮತ್ತೆ ಥಾಣೆಗೆ ಹೋದೆ. ಅಕ್ಕ ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದಳು. ಅವಳ ವಾಟ್ಸಾಪಿಗೆ ಯಾರೋ ಕಳಿಸಿದ್ದರಂತೆ, ಈ ಆಟದಲ್ಲಿ ದೆವ್ವ ಭೂತ ಕರೀತಾರೆ, ಮಕ್ಕಳು ತಲೆ ಕೆಟ್ಟು ಓಡಿಹೋಗ್ತಾರೆ ಅಂತ. ನನಗೆ ನಗು ಬಂತು. ವರ್ಷಕ್ಕೊಮ್ಮೆ ಊರಿಗೆ ಹೋಗಿ ಕೋಲದಲ್ಲಿ ಭೂತದ ಮುಂದೆ ಕೈಮುಗಿದು ನಿಂತು, ಮಗನ ಪರೀಕ್ಷೆಯ ವಿಷಯ ಅರಿಕೆ ಮಾಡಿಕೊಂಡು ಬರುವವಳು ಇವಳು. ಅದನ್ನೇ ಹೇಳಿದೆ. "ಅದು ಬೇರೆ, ಇದು ಬೇರೆ" ಅಂದಳು. ಸರಿಯೇ ಅನ್ನಿ.

ಆದರೆ ಆ ವಾಟ್ಸಾಪ್ ಮಾತಿಗೆ ನಲವತ್ತು ವರ್ಷಕ್ಕೂ ಮೀರಿದ ವಯಸ್ಸಿದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. 1979ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ಹುಡುಗ ಕಾಣೆಯಾದ. ಕ್ಯಾಂಪಸ್ಸಿನ ಅಡಿಯಲ್ಲಿ ಹಬೆ ಪೈಪುಗಳ ಸುರಂಗಗಳಿದ್ದವು. ಈ ಆಟವನ್ನು ನಿಜ ಅಂದುಕೊಂಡು ಆಡುತ್ತಾ ಆ ಸುರಂಗದಲ್ಲಿ ಕಳೆದುಹೋಗಿದ್ದಾನೆ ಅಂತ ಪತ್ರಿಕೆಗಳು ಬರೆದವು. ಆಮೇಲೆ ಅವನು ಬೇರೆ ಊರಿನಲ್ಲಿ ಸಿಕ್ಕಿದ. ಅವನ ಸಂಕಟವೇ ಬೇರೆ ಇತ್ತು, ಆಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಸುದ್ದಿ ಓದಿದ ಜನ ಇದೆಂಥ ಆಟ ಅಂತ ಅಂಗಡಿಗೆ ಹೋಗಿ ಹುಡುಕಿದರು, ಮಾರಾಟ ಏರಿತು. ಎಂಬತ್ತರ ದಶಕವಿಡೀ ಅಲ್ಲಿ ಪೋಷಕರು, ಚರ್ಚಿನವರು ಇದು ಸೈತಾನನ ಆಟ ಅಂತ ಗಲಾಟೆ ಮಾಡಿದರು. ಒಬ್ಬ ಹುಡುಗನ ನೋವು ಸುದ್ದಿಯಾಗಿ, ಸುದ್ದಿ ಜಾಹೀರಾತಾಗಿ, ಕಡೆಗೆ ನನ್ನ ಅಕ್ಕನ ಫೋನಿನಲ್ಲಿ ಬಂದು ಬಿದ್ದಿದೆ.

ಆಟ ಕಟ್ಟಿದವರೂ ಅಂಥ ಮಂತ್ರವಾದಿಗಳೇನಲ್ಲ. ಗ್ಯಾರಿ ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಹೋದಮೇಲೆ ಮನೆಯಲ್ಲಿ ಶೂ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ಅವನೂ ಡೇವ್ ಆರ್ನೆಸನ್ ಅನ್ನುವವನೂ ಸೇರಿ 1974ರಲ್ಲಿ ಮೊದಲ ಸಲ ಸಾವಿರ ಪ್ರತಿ ಅಚ್ಚು ಹಾಕಿಸಿದರು. ನನಗೆ ಬಹಳ ಇಷ್ಟವಾದದ್ದು ಅವರ ರಾಕ್ಷಸರ ಕಥೆ. ಕಬ್ಬಿಣ ತಿನ್ನುವ ರಸ್ಟ್ ಮಾನ್‌ಸ್ಟರ್, ಗೂಬೆ ತಲೆಯ ಕರಡಿ, ನೆಲದಡಿಯಿಂದ ಹಾರಿ ಬರುವ ಬುಲೆಟ್ ಅನ್ನುವ ಮೃಗ, ಈ ಮೂರೂ ಯಾವ ಪುರಾಣದಲ್ಲೂ ಇಲ್ಲ. ಹಾಂಗ್‌ಕಾಂಗ್‌ನಿಂದ ಬರುತ್ತಿದ್ದ ಪ್ಲಾಸ್ಟಿಕ್ ಆಟಿಕೆಯ ಪೊಟ್ಟಣದಲ್ಲಿ ಇದ್ದವು. ಹೆಸರಿಗೆ ಹಳೇ ಕಾಲದ ಪ್ರಾಣಿಗಳು, ನೋಡಿದರೆ ಯಾವ ಪ್ರಾಣಿಯೂ ಅಲ್ಲ. ಮೇಜಿನ ಮೇಲೆ ಇಟ್ಟು ಆಡಲು ರಾಕ್ಷಸ ಬೇಕಿತ್ತು, ಅಂಗಡಿಯಲ್ಲಿ ಇವು ಸಿಕ್ಕವು, ಹೆಸರು ಆಮೇಲೆ ಇಟ್ಟರು. ಡೊಂಬಿವ್ಲಿ ಸ್ಟೇಷನ್ನಿನ ಬ್ರಿಜ್ ಮೇಲೆ ಹತ್ತು ರೂಪಾಯಿಗೆ ಮಾರುತ್ತಾರಲ್ಲ, ಮೂರು ಕಾಲಿನ ಡೈನೋಸಾರ್, ಅಂಥದ್ದೇ.

ಇದನ್ನು ಅಳಿಯನಿಗೆ ಹೇಳಿದಾಗ ಅವನಿಗೆ ಮೊದಲೇ ಗೊತ್ತಿತ್ತು. ನನಗೆ ಸಿಟ್ಟು ಬಂತು. "ಗೊತ್ತಿದ್ದೂ ಯಾಕೆ ಮತ್ತೆ ಮತ್ತೆ ಅದೇ ಹಿಮ, ಅದೇ ಹೆಂಡದಂಗಡಿ? ನಿಮ್ಮ ಐದು ಜನರಲ್ಲಿ ಯಾರಾದರೂ ಹಿಮ ನೋಡಿದ್ದೀರಾ?" ಅಂದೆ. ಒಬ್ಬ ಮನಾಲಿಗೆ ಹೋಗಿದ್ದನಂತೆ. ಒಬ್ಬ. ಅವರು ತಮ್ಮ ಕೈಗೆ ಸಿಕ್ಕ ಪ್ಲಾಸ್ಟಿಕ್ಕಿನಿಂದ ಕಥೆ ಮಾಡಿದರು, ನಾವು ಅವರ ಪ್ಲಾಸ್ಟಿಕ್ಕನ್ನೇ ಪೂಜೆ ಮಾಡುತ್ತಾ ಕೂತರೆ ಹೇಗೆ? ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ, ಹುಡುಗರು ಸುಮ್ಮನಾದರು. ಅಳಿಯ ಮಾತ್ರ ನಿಧಾನಕ್ಕೆ "ಹಾಗಾದ್ರೆ ನೀವು ಕೊಡಿ ಮಾವ, ಕಥೆ" ಅಂದ.

ಸತ್ತ ಹಡಗು

ನನ್ನ ಹತ್ತಿರ ಇತ್ತು. ಚಪ್ಪಲಿ ಡಬ್ಬಿಯೊಂದರಲ್ಲಿ ಮೂವತ್ತು ವರ್ಷದಿಂದ ವಿಚಿತ್ರ ಸುದ್ದಿಗಳನ್ನು ಕತ್ತರಿಸಿ ತುಂಬಿಟ್ಟಿದ್ದೇನೆ. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ, ಹೆಂಡತಿ ಎರಡು ಸಲ ರದ್ದಿಗೆ ಹಾಕಲು ಹೊರಟಿದ್ದಳು. 1995ರ ಸೆಪ್ಟೆಂಬರಿನಲ್ಲಿ ಗಣಪತಿ ಹಾಲು ಕುಡಿದದ್ದು. 2000ದಲ್ಲಿ ಗೋವಾದ ಕಾಂದೋಳಿಯಲ್ಲಿ ಮರಳಿಗೆ ಸಿಕ್ಕಿಕೊಂಡು ಹನ್ನೆರಡು ವರ್ಷ ಅಲ್ಲೇ ತುಕ್ಕು ಹಿಡಿದ ರಿವರ್ ಪ್ರಿನ್ಸೆಸ್ ಹಡಗು. 2020ರ ಜೂನ್‌ನಲ್ಲಿ ಲೋಣಾರ್ ಸರೋವರ ರಾತ್ರೋರಾತ್ರಿ ಎಂಬಂತೆ ಗುಲಾಬಿಯಾದದ್ದು. ಅದನ್ನು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ, ಉಪ್ಪು ನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳ ಬಣ್ಣ ಅಂದರು. ಉಲ್ಕೆ ಬಿದ್ದು ಆದ ಹೊಂಡ, ಅದರಲ್ಲಿ ಗುಲಾಬಿ ನೀರು. ಇದಕ್ಕಿಂತ ಇನ್ನೇನು ಬೇಕು?

ಡಬ್ಬಿಯಿಂದ ನಾನು ಎತ್ತಿಕೊಟ್ಟದ್ದು ಮಾತ್ರ ಪವಿತ್. ಮುಂಬೈಯವರಿಗೆ ನೆನಪಿರಬೇಕು. 2011ರ ಜುಲೈ 31ರಂದು ಜುಹು ಬೀಚಿಗೆ ಒಂದು ಹಡಗು ಬಂದು ನಿಂತಿತು. ಒಳಗೆ ಒಬ್ಬನೂ ಇಲ್ಲ. ಒಮಾನ್ ಹತ್ತಿರ ಕೆಟ್ಟುಹೋಗಿ, ನಾವಿಕರನ್ನು ಬೇರೆ ಹಡಗು ಕಾಪಾಡಿ, ಇದನ್ನು ಮುಳುಗುತ್ತದೆ ಅಂತ ಬಿಟ್ಟುಬಿಟ್ಟಿದ್ದರು. ಅದು ಮುಳುಗಲಿಲ್ಲ. ಸುಮಾರು ಒಂದು ತಿಂಗಳು ತಾನೇ ತೇಲುತ್ತಾ ಅರಬ್ಬೀ ಸಮುದ್ರ ದಾಟಿ, ಯಾರ ಕಣ್ಣಿಗೂ ಬೀಳದೆ, ಭೇಲ್‌ಪುರಿ ತಿನ್ನುವ ಜನರ ಮುಂದೆ ಬಂದು ನಿಂತಿತು. 26/11 ಆಗಿ ಮೂರು ವರ್ಷವೂ ಆಗಿರಲಿಲ್ಲ, ಸಮುದ್ರ ಕಾಯುವವರಿಗೆ ಉಗಿದರು ಅಂದರೆ ಉಗಿದರು. ನಾನು ಮಾತ್ರ ಆ ಹಡಗಿನ ಬಗ್ಗೆಯೇ ಯೋಚಿಸುತ್ತಿದ್ದೆ. ಯಾರೂ ಇಲ್ಲದ ಕೋಣೆಗಳಲ್ಲಿ ಒಂದು ತಿಂಗಳು ಏನೇನು ಉರುಳಾಡಿರಬಹುದು, ಸ್ಟೀಲ್ ಲೋಟಗಳು, ಚಪ್ಪಲಿಗಳು, ಯಾರೋ ಅರ್ಧ ಓದಿಟ್ಟ ಪೇಪರು.

ಅಳಿಯ ಎರಡು ವಾರ ತೆಗೆದುಕೊಂಡ. ಮೂರನೇ ಭಾನುವಾರ ನಾವು ಐದು ಜನ ಜುಹುವಿನಲ್ಲಿ ದೋಣಿ ಹತ್ತಿ ಆ ಹಡಗಿಗೆ ಹೋದೆವು. ನೋಡಿ, 'ಹೋದೆವು' ಅಂತಲೇ ಬರೆದುಬಿಟ್ಟೆ. ಕೆಳಗಿನ ಒಂದು ಕೋಣೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡೆವು. ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದಿದೆ ಅಂತ ಹೇಳಿ ಅಳಿಯ ಒಂದು ಕಾಗದ ತಳ್ಳಿದ. ಮರಾಠಿ ಹುಡುಗನಿಗೆ ಅರ್ಥವಾಗಲಿಲ್ಲ. ಗುಜರಾತಿ ಹುಡುಗ ತಿರುಗಿಸಿ ನೋಡಿದ. ಮಾಟುಂಗಾದ ತಮಿಳು ಹುಡುಗಿ ತೆಲುಗಾ ಅಂತ ಕೇಳಿದಳು. ಕನ್ನಡ! ಅಳಿಯನಿಗೆ ಮಾತಾಡಲು ಬರುತ್ತದೆ, ಓದಲು ಬರೆಯಲು ಬಾರದು, ಇಂಗ್ಲಿಷ್ ಮೀಡಿಯಂ. ಎಲ್ಲೋ ಫೋಟೊ ನೋಡಿ ಒಂದೊಂದೇ ಅಕ್ಷರವನ್ನು ರಂಗೋಲಿ ಹಾಕಿದಂತೆ ಬರೆದಿದ್ದ. ಒಂದು ದೀರ್ಘ ಬಿಟ್ಟುಹೋಗಿತ್ತು. 'ನಳೆ ಬಾ'.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆಲ್ಲ ಬರೆದಿದ್ದ ಮಾತು ಅದು, ನಿಮಗೆ ನಾನು ಹೇಳಬೇಕಾಗಿಲ್ಲ. ರಾತ್ರಿ ಬರುವ ಆ ದೆವ್ವ ನಿಮ್ಮವರ ದನಿಯಲ್ಲೇ ಕೂಗುತ್ತದೆ, ಓಗೊಟ್ಟರೆ ಕೆಟ್ಟಿರಿ, ಬಾಗಿಲಲ್ಲಿ ಓದಿಕೊಂಡರೆ ನಾಳೆ ಬರುತ್ತೇನೆ ಅಂತ ಹೊರಟುಹೋಗುತ್ತದೆ. ಆ ಮೇಜಿನಲ್ಲಿ ಅದನ್ನು ಓದಲು ಬರುವವನು ನಾನೊಬ್ಬನೇ. "ಮಾವ, ಕುಳ್ಳನಿಗೆ ಹಳೇ ಲಿಪಿ ಗೊತ್ತು" ಅಂದ ಅಳಿಯ, ನನ್ನ ಮುಖ ನೋಡದೆ. ಕಿಲಾಡಿ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹಿಂದಿ, ಕನ್ನಡ, ಕುಂದಾಪ್ರ ಭಾಷೆ ಎಲ್ಲ ಕಲಸಿ ಶುರು ಮಾಡಿದೆ. ನಾನು ಹದಿಮೂರನೇ ವಯಸ್ಸಿಗೆ ಯಾರಿಗೂ ಹೇಳದೆ ಮನೆ ಬಿಟ್ಟ ಕುಳ್ಳ ಅಂದೆ. ಗಣಿಯ ಕೆಲಸ ನನಗೆ ಬೇಡವಾಗಿತ್ತು ಅಂದೆ. ಬಂದರಿನ ಹೆಂಡದಂಗಡಿಯಲ್ಲಿ ಲೋಟ ತೊಳೆದೆ, ರಾತ್ರಿ ಕೂತು ಅಕ್ಷರ ಕಲಿತೆ, ಅದಕ್ಕೇ ಇದನ್ನು ಓದುತ್ತೇನೆ ಅಂದೆ. ಎಷ್ಟು ಹೊತ್ತು ಹೇಳಿದೆನೋ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಬಂದು ನಿಂತದ್ದು ಕಂಡಿತು, ಕೈಯಲ್ಲಿ ಸೌಟು ಹಾಗೇ ಇತ್ತು.

ಆಗ ಹೊರಗಿನಿಂದ ದೆವ್ವ ಕೂಗಿತು. ಅಳಿಯ ದನಿ ತಗ್ಗಿಸಿ, ಅಜ್ಜನ ದನಿ ಮಾಡಿಕೊಂಡು ಕೂಗಿದ. ಅವನ ಅಜ್ಜ ಅಂದರೆ ನನ್ನ ಅಪ್ಪ. "ಮಗಾ, ಬಾಗ್ಲ್ ತೆಗಿ."

"ನಾಳೆ ಬಾ" ಅಂದೆ. ದನಿ ಸ್ವಲ್ಪ ನಡುಗಿತು.

"ರೋಲ್ ಮಾಡಿ."

ನಾಲ್ಕು ಬಿತ್ತು. ನನ್ನ ಕೈಯೇ ಹೋಗಿ ಚಿಲಕ ತೆಗೆಯಿತಂತೆ. ಹುಡುಗರೆಲ್ಲ "ಅಯ್ಯೋ ಮಾಮಾ!" ಅಂತ ಬೊಬ್ಬೆ ಹೊಡೆದರು. ಆಮೇಲಿನ ಒಂದು ಗಂಟೆ ನನ್ನನ್ನು ಉಳಿಸುವುದೇ ಅವರ ಕೆಲಸವಾಯಿತು.

ಇಲ್ಲಿ ತಾಳಮದ್ದಳೆಯ ಹೋಲಿಕೆ ಕೈಕೊಡುತ್ತದೆ. ಕರ್ಣ ಸಾಯುವುದು ಮೊದಲೇ ಗೊತ್ತು, ಅಪ್ಪ ಎಷ್ಟೇ ಚೆನ್ನಾಗಿ ಮಾತಾಡಿದರೂ ಗಾಲಿ ಹೂಳಲೇಬೇಕು. ಅದಕ್ಕೇ ಅಲ್ಲಿ ಮಾತಿಗೆ ಅಷ್ಟು ಬೆಲೆ, ಗೆಲ್ಲುವುದಕ್ಕೆ ಬೇರೆ ಜಾಗವೇ ಇಲ್ಲ. ಹಾಗಾಗಿ ಅರ್ಥಧಾರಿಗಳು ಒಬ್ಬರನ್ನೊಬ್ಬರು ಕೆಡವಲು ನೋಡುತ್ತಿದ್ದರು, ಎದುರಾಳಿ ಬಾಯಿಕಟ್ಟಿ ಕೂತರೆ ಸಭೆಗೆ ಖುಷಿ. ನಾವೂ ಚಪ್ಪಾಳೆ ಹೊಡೆದಿದ್ದೇವೆ, ಸುಳ್ಳು ಯಾಕೆ. ಈ ಹುಡುಗರಲ್ಲಿ ಅದು ಕಾಣಲಿಲ್ಲ. ಯಾರಿಗಾದರೂ ಮಾತು ಸಿಗದಿದ್ದರೆ ಪಕ್ಕದವನೇ ಒಂದು ಎಳೆ ಎಸೆಯುತ್ತಾನೆ. ನನಗೆ ಅದು ಹೊಸದು, ಒಂಚೂರು ಹೊಟ್ಟೆಕಿಚ್ಚೂ ಆಯಿತು. ಆದರೆ ದಾಳದ ಬಗ್ಗೆ ನನಗಿನ್ನೂ ತಕರಾರಿದೆ. ಅಷ್ಟು ಚೆನ್ನಾಗಿ "ನಾಳೆ ಬಾ" ಅಂದವನಿಗೆ ನಾಲ್ಕು ಕೊಡುವುದು ಯಾವ ನ್ಯಾಯ? ಭಾಗವತರಾಗಿದ್ದರೆ ಪದ್ಯ ಎತ್ತಿ ಕಾಪಾಡುತ್ತಿದ್ದರು. ಅಳಿಯನನ್ನು ಕೇಳಿದರೆ "ಕಾಪಾಡಿದ್ರೆ ಮಜಾ ಎಂತ ಉಂಟು ಮಾವ?" ಅನ್ನುತ್ತಾನೆ.

ಹೋದ ವಾರ ಅವನೇ ಫೋನ್ ಮಾಡಿ ಡಬ್ಬಿಯಿಂದ ಇನ್ನೊಂದು ಬೇಕು ಅಂದ. ಮಾಹಿಮ್ ಕೊಟ್ಟೆ. 2006ರ ಆಗಸ್ಟ್ 18ರ ರಾತ್ರಿ ಮಾಹಿಮ್ ಸಮುದ್ರದ ನೀರು ಸಿಹಿಯಾಗಿದೆ ಅಂತ ಸುದ್ದಿ ಹಬ್ಬಿತ್ತಲ್ಲ, ಸಾವಿರಾರು ಜನ ಬಾಟಲಿ ಹಿಡಿದು ಓಡಿದ್ದರಲ್ಲ, ಅದು. ಮೀಠಿ ನದಿಯ ಹೊಲಸೆಲ್ಲ ಬಂದು ಸೇರುವ ಜಾಗ, ಪಾಲಿಕೆಯವರು ಕುಡಿಯಬೇಡಿ ಅಂತ ಕೂಗಿ ಹೇಳುತ್ತಿದ್ದರೂ ಜನ ಮಕ್ಕಳಿಗೂ ಕುಡಿಸಿದರು. ಮರುದಿನ ಕೆಲಸ ಮುಗಿಸಿ ನಾನೂ ಹೋಗಿ ನಿಂತಿದ್ದೆ. ಯಾರೋ ಅಜ್ಜಿ ಬೊಗಸೆಯಲ್ಲಿ ನೀರು ಹಿಡಿದು ನನ್ನ ಮುಂದೆ ಚಾಚಿದಳು. ಬೇಡ ಅಂದೆ. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಬಹುದಿತ್ತು ಅಂತ ಎಷ್ಟೋ ಸಲ ಅನ್ನಿಸಿದ್ದುಂಟು.

ನಿನ್ನೆ ಆಟ ಅಲ್ಲಿಗೇ ಬಂದು ನಿಂತಿತು. ದಂಡೆ, ಕತ್ತಲು, ಜನಜಂಗುಳಿ. ಅಜ್ಜಿ ಬೊಗಸೆ ಚಾಚಿದ್ದಾಳೆ. "ಎಂತ ಮಾಡ್ತೀರಿ ಮಾವ?"

"ನಾನು ಕುಡೀತೇನೆ" ಅಂದೆ.

ದಾಳ ಉರುಳಿಸಿದೆ, ಹದಿನೇಳು. "ಸಿಹಿ ಉಂಟು ಮಾವ, ಕಬ್ಬಿನ ಹಾಲಿನ ಹಾಗೆ" ಅಂದ ಅಳಿಯ. ಆಮೇಲೆ ಕಾಗದದಲ್ಲಿ ಏನೋ ಗೀಚಿಕೊಳ್ಳುತ್ತಾ, "ಹೊಟ್ಟೆಗೆ ಇನ್ನೊಂದು ರೋಲ್ ಉಂಟು, ಅದು ನಾಳೆ" ಅಂದ.